ಹಾಜರಿ ಪುಸ್ತಕದ ಹನ್ನೊಂದನೆಯ ಸಾಲು

ನನಗೆ ಲೋಕದಲ್ಲಿ ಎರಡೇ ಬಗೆಯ ಕಾಗದ ಗೊತ್ತು, ಇರುವ ಕಾಗದ ಮತ್ತು ಇಲ್ಲದ ಕಾಗದ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಚುಚ್ಚುವ ಮಾತೇ, ಆದರೆ ಸುಳ್ಳಲ್ಲ. ಮದ್ದೂರಿನ ಕಡೆಯಿಂದ ಬಂದು ಚೆನ್ನೈಯ ವಿಮಾ ಕಚೇರಿಯೊಂದರ ಕ್ಲೇಮು ವಿಭಾಗದಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತವನು ನಾನು. ಎದುರಿಗೆ ನಿಂತವರ ಮುಖ ನೋಡುವ ಮೊದಲು ಅವರ ಕೈಯಲ್ಲಿರುವ ಫೈಲು ನೋಡುವುದು ನನ್ನ ಅಭ್ಯಾಸ. ದಾಖಲೆ ಇದ್ದರೆ ಕೂರಿಸುತ್ತಿದ್ದೆ, ಇಲ್ಲದಿದ್ದರೆ ತರಲು ಕಳಿಸುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಯಾರೂ ನನ್ನ ಹತ್ತಿರ ಎರಡನೇ ಸಲ ವಾದ ಮಾಡುತ್ತಿರಲಿಲ್ಲ. ನಿವೃತ್ತನಾದ ಮೇಲೆ ಆ ಕೋಪಕ್ಕೆ ಕಚೇರಿ ಇಲ್ಲದೆ ಅದು ಮನೆಯಲ್ಲೇ ಓಡಾಡಿಕೊಂಡಿತ್ತು.

ನಮ್ಮ ಮನೆ ಇರುವುದು ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಬೀದಿಗೆ ಬೆನ್ನು ಹಾಕಿದ ಒಂದು ಸಂದಿಯಲ್ಲಿ. ಹಬ್ಬ ಹತ್ತಿರ ಬಂದರೆ ಅಂಗಡಿಗಳ ರಟ್ಟು, ಪ್ಲಾಸ್ಟಿಕ್ಕು, ಒಡೆದ ಪಾತ್ರೆ ಎಲ್ಲ ರಾತ್ರಿ ಕಳೆಯುವುದರೊಳಗೆ ನಮ್ಮ ಸಂದಿಗೆ ಬಂದು ಬೀಳುತ್ತದೆ. ಬೆಳಿಗ್ಗೆ ನಾನು ಪೇಪರ್ ತೆಗೆದುಕೊಳ್ಳಲು ಬಾಗಿಲು ತೆರೆಯುವಷ್ಟರಲ್ಲಿ ಅದು ಇರುವುದಿಲ್ಲ. ಇಷ್ಟು ವರ್ಷ ಅದು ಹೇಗೆ ಹೋಗುತ್ತದೆ ಎಂದು ನಾನು ಯೋಚಿಸಿದವನಲ್ಲ. ಗುಡಿಸುವ ಅಮ್ಮ ಒಬ್ಬರು ಬರುತ್ತಾರೆ ಎಂಬುದು ಗೊತ್ತಿತ್ತು. ಕೆಲಸ ಮುಗಿಸಿ ಎಂಟೂವರೆಯ ಹೊತ್ತಿಗೆ ಅವರು ನಮ್ಮ ಮೆಟ್ಟಿಲ ಮೇಲೆ ಕೂತು, ನನ್ನ ಹೆಂಡತಿ ಕೊಡುವ ಮಜ್ಜಿಗೆ ಕುಡಿಯುತ್ತಿದ್ದರು. ಇಬ್ಬರೂ ತಮಿಳಿನಲ್ಲಿ ಏನೇನೋ ಮಾತಾಡಿಕೊಳ್ಳುತ್ತಿದ್ದರು. ನಾನು ಒಳಗಿನಿಂದ ಪೇಪರ್ ಮಡಚುತ್ತಾ ತಲೆಯಾಡಿಸುತ್ತಿದ್ದೆ, ಅಷ್ಟೇ.

ದೀಪಾವಳಿಗೆ ಮೂರು ದಿನ ಇರುವಾಗ ಒಂದು ಬೆಳಿಗ್ಗೆ ಹೊರಗೆ ಕೂಗು ಕೇಳಿತು. ಯಾವುದೋ ಅಂಗಡಿಯವರು ಒಡೆದ ಗಾಜಿನ ಷೋಕೇಸನ್ನು ರಟ್ಟಿನ ಡಬ್ಬಿಗೆ ತುಂಬಿ ಎಸೆದಿದ್ದರು. ಗುಡಿಸುವ ಅಮ್ಮ ಬರಿಗೈಯಲ್ಲಿ ಅದನ್ನು ಎತ್ತಿದ್ದರು. ಬಲ ಅಂಗೈ ಅಡ್ಡಕ್ಕೆ ಸೀಳಿತ್ತು. ನನ್ನ ಹೆಂಡತಿ ಒಗೆದು ಒಣಗಿಸಿದ ಪಂಚೆ ಹರಿದು ಸುತ್ತಿದಳು, ನಾನು ಆಟೋ ಹಿಡಿದು ಕೊಟ್ಟೆ. ಆಗ ಗಂಟೆ ಏಳು ಇಪ್ಪತ್ತು ಎಂದು ನನಗೆ ನೆನಪಿದೆ. ಕ್ಲೇಮಿನವನು ಗಡಿಯಾರ ನೋಡದೆ ಇರಲಾರ.

ತಿಂಗಳಾದ ಮೇಲೆ ಅವರು ಬಂದರು. ಹೊಲಿಗೆ ಬಿಚ್ಚಿದ್ದರು, ಮೂರು ಬೆರಳು ಮಡಚುತ್ತಿರಲಿಲ್ಲ. ಕೆಲಸ ಹೋಗಿತ್ತು. ಬೀದಿ ಗುಡಿಸುವುದನ್ನು ಪಾಲಿಕೆ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿದೆ. ಆ ಕಂಪನಿಯ ಮೇಸ್ತ್ರಿ ಹೇಳಿದ್ದು ಹೀಗೆ: ಆ ದಿನ ನೀನು ಡ್ಯೂಟಿಯಲ್ಲೇ ಇರಲಿಲ್ಲ, ಹಬ್ಬದ ಗುಜರಿ ಆಯ್ದು ಮಾರಲು ನೀನಾಗಿಯೇ ಹೋಗಿ ಕೈ ಕೊಯ್ದುಕೊಂಡಿದ್ದೀಯ.

"ನೀವು ನೋಡಿದ್ರಲ್ಲ ಸಾರ್" ಎಂದರು ಅವರು. ಅವರದು ಉತ್ತರ ಚೆನ್ನೈಯ ತಮಿಳು. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಕೆಲಸ ಹೋದರೆ ಹೋಗಲಿ. ಕದಿಯೋಕೆ ಹೋದೆ ಅಂದುಬಿಟ್ಟರಲ್ಲ."

ನನ್ನ ಕೋಪಕ್ಕೆ ಅಂತೂ ಒಂದು ಕೆಲಸ ಸಿಕ್ಕಿತು. ಚಪ್ಪಲಿ ಮೆಟ್ಟಿಕೊಂಡು ಕಂಪನಿಯ ಡಿಪೋಗೆ ಹೋದೆ. ಅದು ನಮ್ಮ ಮನೆಯಿಂದ ಆರು ಬೀದಿ ಆಚೆ, ಕಸದ ಗಾಡಿಗಳು ನಿಲ್ಲುವ ಜಾಗ. ತಗಡಿನ ಶೆಡ್ಡಿನಲ್ಲಿ ಒಬ್ಬ ಕೂತಿದ್ದ. ಹಿಂದೆ ಒಂದು ಹಸಿರು ಬೀರು. "ಆ ದಿನದ ಹಾಜರಿ ಪುಸ್ತಕ ತೋರಿಸಿ, ಜಗಳ ಇಲ್ಲಿಗೇ ಮುಗಿಯಿತು" ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದು ಪ್ರೈವೇಟ್ ಕಂಪನಿ ಸಾರ್, ನಿಮಗೆ ಯಾಕೆ ತೋರಿಸಬೇಕು?" ಎಂದ. ಬಾಯಿಗೆ ಬಂದದ್ದು ಅಂದು ವಾಪಸ್ ಬಂದೆ.

ಮನೆಗೆ ಬಂದು ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕೂತೆ. ಅವರು ಮೆಟ್ಟಿಲ ಮೇಲಿನಿಂದ ಕೇಳಿದ್ದು ಒಂದೇ ಮಾತು: "ನನ್ನ ಪೇರು ಮಾತ್ರ ಎಲ್ಲೂ ಬೇಡ ಸಾರ್. ಪೇರು ಹಾಕಿದರೆ ಇನ್ಯಾವ ಡಿಪೋದಲ್ಲೂ ಸೇರಿಸಲ್ಲ." ಹೆಸರು ಬೇಡ ತಾನೇ, ಸರಿ ಎಂದೆ. ನಮ್ಮ ಸಂದಿ ಗುಡಿಸುವ ಸಿಬ್ಬಂದಿಯ ಆ ದಿನದ ಹಾಜರಿ ಎಂದು ಬರೆದರೆ ಆಯಿತು. ಅರ್ಜಿದಾರ ನಾನು. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ ಪಾಲಿಕೆಯ ಕಚೇರಿಗೆ ಕಳಿಸಿದೆ. ಸಿಟ್ಟಿನ ಭರದಲ್ಲಿ ಏಳು ಪ್ರಶ್ನೆ ಬರೆದಿದ್ದೆ, ಆರು 'ಯಾಕೆ' ಎಂದೇ ಶುರುವಾಗಿದ್ದವು.

ಉತ್ತರ ಇಪ್ಪತ್ತೊಂಬತ್ತನೆಯ ದಿನ ಬಂತು. ಎರಡು ಸಾಲು. ಕಾರಣ ವಿವರಿಸುವುದು ಕಾನೂನಿನ ವ್ಯಾಪ್ತಿಯಲ್ಲಿಲ್ಲ, ದಾಖಲೆ ಇದ್ದರೆ ಮಾತ್ರ ಕೇಳಬಹುದು. ಹಾಜರಿ ಪುಸ್ತಕ ಗುತ್ತಿಗೆ ಕಂಪನಿಯ ಬಳಿ ಇದೆ, ಅದು ಖಾಸಗಿ ಸಂಸ್ಥೆಯಾದ್ದರಿಂದ ಕಾನೂನು ಅನ್ವಯಿಸುವುದಿಲ್ಲ. ಓದುತ್ತಾ ನಾಚಿಕೆಯಾಯಿತು. ಭಾಷೆ ನನ್ನದೇ. ಅಂಥ ಎರಡು ಸಾಲುಗಳನ್ನು ಎಷ್ಟು ಬರೆದಿದ್ದೆನೋ ಲೆಕ್ಕವಿಲ್ಲ.

ಒಂದಂತೂ ನೆನಪಿದೆ. ತಿರುವೊಟ್ಟಿಯೂರಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದವನೊಬ್ಬ ಬಾಯ್ಲರ್ ಹತ್ತಿರ ಬಿದ್ದು ಸತ್ತ. ಅವನ ಹೆಂಡತಿ ನನ್ನ ಮೇಜಿನ ಮುಂದೆ ನಿಂತರು. ಅವನು ನಮ್ಮವನೇ ಅಲ್ಲ ಎಂದು ಕಾರ್ಖಾನೆ ಪತ್ರ ಕೊಟ್ಟಿತ್ತು. "ಹಾಜರಿ ಪುಸ್ತಕ ತನ್ನಿ ಅಮ್ಮಾ" ಎಂದೆ. ಆಕೆ ಹೋದರು, ಮತ್ತೆ ಬರಲಿಲ್ಲ. 'ದಾಖಲೆ ಒದಗಿಸಿಲ್ಲ' ಎಂದು ಬರೆದು ಫೈಲು ಮುಚ್ಚಿದೆ. ಆ ಪುಸ್ತಕ ಯಾರ ಬೀರುವಿನಲ್ಲಿತ್ತು, ಆಕೆ ಅದನ್ನು ಹೇಗೆ ತರಬೇಕಿತ್ತು ಎಂದು ಅಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಈಗ, ತಗಡಿನ ಶೆಡ್ಡಿನಿಂದ ಬರಿಗೈಯಲ್ಲಿ ಬಂದ ಮೇಲೆ.

ಆಮೇಲೆ ಕೋಪ ಬದಿಗಿಟ್ಟು, ಹಳೆಯ ಕಸುಬಿನವನ ಹಾಗೆ ಕೆಲಸ ಮಾಡಿದೆ. ಕಾನೂನಿನ ಪುಸ್ತಕ ತಂದು ಪೆನ್ಸಿಲ್ ಹಿಡಿದು ಓದಿದೆ. ಕಚೇರಿಯ ಕೈಯಲ್ಲಿರುವ ದಾಖಲೆಯಷ್ಟೇ ಅಲ್ಲ, ಅದರ ಹತೋಟಿಯಲ್ಲಿರುವ ದಾಖಲೆಯೂ ಜನರದು ಎಂದು ಅಲ್ಲಿತ್ತು. ಸರಿ, ಕಂಪನಿಯ ಬೀರು ಪಾಲಿಕೆಯ ಹತೋಟಿಯಲ್ಲಿದೆಯೇ? ಅದನ್ನು ಹೇಳುವುದು ಗುತ್ತಿಗೆಯ ಒಪ್ಪಂದ. ಒಪ್ಪಂದದ ನಕಲು ಪಾಲಿಕೆಯ ಬಳಿಯೇ ಇರುತ್ತದಲ್ಲ! ಈ ಸಲ ಒಂದೇ ಸಾಲಿನ ಅರ್ಜಿ ಹಾಕಿ ಅದನ್ನು ಕೇಳಿದೆ, ಒಂದು 'ಯಾಕೆ'ಯೂ ಇಲ್ಲದೆ. ನಮ್ಮ ಮಗಳು ವಡಪಳನಿಯಿಂದ ಫೋನ್ ಮಾಡಿದಾಗ ಇದೇ ಕತೆ ಹೇಳಿದೆ. ಅವಳು ಇಲ್ಲೇ ಓದಿ ಬೆಳೆದವಳು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೇ ಉತ್ತರ. "ಅಪ್ಪಾ, ಉನಕ್ಕು ವೇರೆ ವೇಲೈಯೇ ಇಲ್ಲಯಾ?" ಎಂದಳು. ನನಗೆ ನಿಜವಾಗಿಯೂ ಬೇರೆ ಕೆಲಸ ಇರಲಿಲ್ಲ.

ಒಪ್ಪಂದ ಬಂತು. ದಪ್ಪ ಕಟ್ಟು. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಮೂರು ದಿನ ಓದಿದೆ. ಐವತ್ತೆಂಟನೆಯ ಪುಟದಲ್ಲಿ ಅದು ಸಿಕ್ಕಿತು: ಗುತ್ತಿಗೆದಾರ ಪ್ರತಿದಿನದ ಹಾಜರಿ ಪುಸ್ತಕ ಇಡತಕ್ಕದ್ದು, ಪಾಲಿಕೆ ಕೇಳಿದಾಗಲೆಲ್ಲ ಹಾಜರುಪಡಿಸತಕ್ಕದ್ದು. ಅದರ ಕೆಳಗಿನ ಸಾಲಿನಲ್ಲಿ, ಪ್ರತಿಯೊಬ್ಬ ಕಾರ್ಮಿಕರಿಗೂ ಕೈಗವಸು ಕೊಡತಕ್ಕದ್ದು ಎಂದಿತ್ತು. ನಾನು ಹೆಂಡತಿಯನ್ನು ಕೂಗಿ ಕರೆದು ಎರಡನ್ನೂ ಓದಿ ಹೇಳಿದೆ. ಕೈಗವಸಿನ ಸಾಲು ಕೇಳಿ ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತಳು.

ಆ ಪುಟ ತೋರಿಸಿ ಹಾಕಿದ ಮೊದಲ ಮೇಲ್ಮನವಿಗೆ ಅದೇ ಹಳೆಯ ಎರಡು ಸಾಲು ಬಂತು. ಎರಡನೆಯದು ಮಾಹಿತಿ ಆಯೋಗಕ್ಕೆ ಹೋಗಿ ತಿಂಗಳುಗಟ್ಟಲೆ ಕೂತಿತು. ಈ ನಡುವೆ ಆ ಅಮ್ಮ ಎರಡು ಮನೆಯಲ್ಲಿ ಎಡಗೈಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ವಾರಕ್ಕೊಮ್ಮೆ ಮೆಟ್ಟಿಲ ಹತ್ತಿರ ನಿಂತು, "ವಂದುಚ್ಚಾ ಸಾರ್?" ಎನ್ನುತ್ತಿದ್ದರು. ಬಂತಾ ಎಂದು ಅಷ್ಟೇ. ಇಲ್ಲ ಎಂದರೆ ಮುಖದಲ್ಲಿ ಏನೂ ತೋರಿಸದೆ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಅವರ ಬೀದಿಯಲ್ಲಿ ಯಾರೋ ಅವರನ್ನು ಗುಜರಿ ಕಳ್ಳಿ ಎಂದು ಕರೆದರಂತೆ. ಅದನ್ನು ನನ್ನ ಹೆಂಡತಿ ನನಗೆ ಹೇಳಿದಳು.

ಕೊನೆಗೆ ಒಂದು ದಿನ ವಿಚಾರಣೆಗೆ ಕರೆ ಬಂತು. ಹೈಕೋರ್ಟಿನಂಥ ಜಾಗ ಇರಬಹುದೆಂದು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೋದೆ. ಸಾಧಾರಣ ಕೋಣೆ, ಉದ್ದ ಮೇಜು, ಗಿರಗಿರ ಸದ್ದು ಮಾಡುವ ಫ್ಯಾನು. ಆಯುಕ್ತರು ವಯಸ್ಸಾದವರು, ಕನ್ನಡಕ ಹಣೆಯ ಮೇಲಿತ್ತು. ಪಾಲಿಕೆಯ ಅಧಿಕಾರಿ ಎದ್ದು ನಿಂತು, ಕಂಪನಿ ಖಾಸಗಿಯದು ಎಂದರು. ನಾನು ಹದಿನಾಲ್ಕು ಪುಟದ ವಾದ ಬರೆದುಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಆಯುಕ್ತರು ಅಧಿಕಾರಿಯನ್ನು ಕೇಳಿದರು.

"ಬೀದಿ ಗುಡಿಸುವುದು ಯಾರ ಕೆಲಸ?"

"ಪಾಲಿಕೆಯದು ಸಾರ್."

"ಬೀದಿ ಯಾರದು?"

"ಜನರದು ಸಾರ್."

"ಹಾಗಾದರೆ ಯಾರು ಗುಡಿಸಿದರು ಅನ್ನುವುದು ಮಾತ್ರ ಹೇಗೆ ಕಂಪನಿಯ ಸ್ವಂತದ್ದಾಯಿತು?"

ಅಧಿಕಾರಿ ಫೈಲು ನೋಡಿಕೊಂಡರು. ಆಯುಕ್ತರು ಐವತ್ತೆಂಟನೆಯ ಪುಟ ಓದಿಸಿದರು. ಪುಸ್ತಕವನ್ನು ತರಿಸಿ ಅರ್ಜಿದಾರರಿಗೆ ತೋರಿಸಬೇಕು, ಕೇಳಿದ ಪುಟದ ದೃಢೀಕೃತ ನಕಲು ಕೊಡಬೇಕು ಎಂದು ಹೇಳಿ ಬರೆಸಿದರು. ಏಳು ನಿಮಿಷ. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಸುಮ್ಮನೆ ನಿಂತುಬಿಟ್ಟೆ. ಗೆದ್ದೆ ಎಂದಲ್ಲ. ಇಷ್ಟು ದೊಡ್ಡ ಊರು, ಇಷ್ಟು ಕಚೇರಿ, ಇಷ್ಟು ಬೀಗ. ಒಬ್ಬ ಮುದುಕ ಹತ್ತು ರೂಪಾಯಿಯ ಸ್ಟ್ಯಾಂಪು ಅಂಟಿಸಿ ಕೇಳಿದ್ದಕ್ಕೆ ಅದರಲ್ಲಿ ಒಂದು ಬೀರು ತೆರೆಯಬೇಕಾಯಿತಲ್ಲ ಎಂದು ಬೆರಗಾಗಿತ್ತು. ಕಾನೂನು ಕಂಪನಿಯ ಬಾಗಿಲಿಗೆ ನೇರವಾಗಿ ಹೋಗಿರಲಿಲ್ಲ, ಪಾಲಿಕೆಯ ಕೈ ಹಿಡಿದು ಸುತ್ತಿಕೊಂಡು ಹೋಗಿತ್ತು. ಜನರ ಕೆಲಸ ಮಾಡುವವರೆಲ್ಲರ ಬಾಗಿಲಿಗೆ ಅದು ನೆಟ್ಟಗೆ ಹೋಗುವಂತಾದರೆ ತಿರುವೊಟ್ಟಿಯೂರಿನ ಆ ಹೆಂಗಸಿನಂಥವರು ಬರಿಗೈಯಲ್ಲಿ ನಿಲ್ಲಬೇಕಾಗುವುದಿಲ್ಲ ಎಂದೂ ಅನ್ನಿಸಿತು.

ಹದಿನೈದು ದಿನದ ನಂತರ ಅದೇ ತಗಡಿನ ಶೆಡ್ಡಿಗೆ ಹೋದೆ. ಪಾಲಿಕೆಯ ಗುಮಾಸ್ತರೊಬ್ಬರು ಜೊತೆಗಿದ್ದರು. ಮೊದಲ ಒಂದು ಗಂಟೆ ಉಚಿತ, ಆಮೇಲೆ ಶುಲ್ಕ ಎಂದು ವಾಚು ನೋಡಿಕೊಂಡರು. ಹಸಿರು ಬೀರು ತೆರೆದು ಉದ್ದನೆಯ ಪುಸ್ತಕ ತಂದು ನನ್ನ ಮುಂದೆ ಇಟ್ಟರು. ಆ ದಿನದ ಪುಟ ತೆಗೆದೆ. ತಮಿಳಿನಲ್ಲಿ ಇಪ್ಪತ್ತಮೂರು ಹೆಸರು. ತಮಿಳು ಮಾತಾಡುವುದು ನನಗೆ ನೀರು ಕುಡಿದಷ್ಟು ಸಲೀಸು, ಓದುವುದು ಮಾತ್ರ ಅಕ್ಷರ ಅಕ್ಷರ ಕೂಡಿಸಿಕೊಂಡೇ. ಒಂದೊಂದಾಗಿ ಓದುತ್ತಾ ಬಂದು ಕೊನೆಗೆ ತಲುಪಿದೆ.

ನನಗೆ ಅವರ ಹೆಸರು ಗೊತ್ತಿರಲಿಲ್ಲ.

ಬೀದಿಯ ಹೆಸರಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ, ಬರಿಯ ಬೀಟ್ ನಂಬರು. ಕೇಳಬೇಕೆಂದರೆ ಕೇಳಬೇಕಾದದ್ದು ಕಂಪನಿಯ ಆ ಮನುಷ್ಯನನ್ನು. ಅವನು ಗೋಡೆಗೆ ಒರಗಿ ನಗುಮುಖದಲ್ಲಿ ನಿಂತಿದ್ದ. ಅರ್ಜಿ, ಮೇಲ್ಮನವಿ, ಎರಡನೆಯ ಮೇಲ್ಮನವಿ, ಹದಿನಾಲ್ಕು ಪುಟದ ವಾದ. ಹೆಸರು ಬರೆಯಬೇಡಿ ಎಂದಿದ್ದರು ನಿಜ, ಕೇಳಬೇಡಿ ಎಂದಿರಲಿಲ್ಲ. ಎದುರಿಗೆ ನಿಂತವರ ಮುಖಕ್ಕಿಂತ ಮೊದಲು ಫೈಲು ನೋಡುವವನು ಫೈಲನ್ನಷ್ಟೇ ನೋಡಿದ್ದೆ. ಗುಮಾಸ್ತರು ಇನ್ನು ಇಪ್ಪತ್ತು ನಿಮಿಷ ಎಂದರು. ನಾನು ಹೊರಗೆ ಬಂದು ಮನೆಗೆ ಫೋನ್ ಮಾಡಿದೆ.

"ಏನ್ರೀ, ಸಿಕ್ತಾ?"

"ಪುಸ್ತಕ ಸಿಕ್ತು. ಅವರ ಹೆಸರೇನು?"

"ಯಾರದು?"

"ಅದೇ ಕಣೇ, ಗುಡಿಸೋ ಅಮ್ಮಂದು."

ಆ ಕಡೆ ಕುಕ್ಕರ್ ಒಂದು ಸಲ ಕೂಗಿ ನಿಂತಿತು. "ಒಂದೂವರೆ ವರ್ಷದಿಂದ ಅರ್ಜಿ ಗೀಚ್ತಾ ಕೂತಿದ್ರಿ. ಹೆಸರು ಗೊತ್ತಿಲ್ವಾ ನಿಮ್ಗೆ?"

"ಇಲ್ಲ ಕಣೇ. ಬೇಗ ಹೇಳು."

ಹೇಳಿದಳು. ನಾನು ಫೋನ್ ಕಿವಿಯಲ್ಲೇ ಇಟ್ಟುಕೊಂಡು ಒಳಗೆ ಬಂದು ಹುಡುಕಿದೆ. "ಆ ಹೆಸರಿನೋರು ಇಬ್ಬರಿದಾರೆ."

"ಇನಿಷಿಯಲ್ ನೋಡ್ರಿ. ಮದ್ವೆ ಆದ್ಮೇಲೂ ಅಪ್ಪನ ಇನಿಷಿಯಲ್ಲೇ ಇಟ್ಕೊಂಡವ್ಳೆ. ಅವ್ಳಪ್ಪ ಮೀನಿನ ಬಲೆ ರಿಪೇರಿ ಮಾಡ್ತಿದ್ದ." ಅವನ ಹೆಸರನ್ನೂ ಹೇಳಿದಳು. ಅವರ ಅವ್ವ ಯಾವ ವರ್ಷ ತೀರಿಹೋದಳು ಎಂಬುದನ್ನೂ ಹೇಳಲು ಹೊರಟಿದ್ದಳು, ನಾನೇ ತಡೆದೆ. ಯಾವ ಆಯೋಗವೂ ಕೊಡಲಾರದ ಮಾಹಿತಿ ನನ್ನ ಮನೆಯ ಮೆಟ್ಟಿಲ ಮೇಲೆ ಇಷ್ಟು ವರ್ಷ ದಿನವೂ ಒಂದು ಲೋಟ ಮಜ್ಜಿಗೆಗೆ ಸಿಗುತ್ತಿತ್ತು.

ಹನ್ನೊಂದನೆಯ ಸಾಲು. ಹೆಸರು, ಅಪ್ಪನ ಇನಿಷಿಯಲ್ಲು. ಬಂದ ಹೊತ್ತು ಐದು ಐವತ್ತು, ಅದರ ಪಕ್ಕದಲ್ಲಿ ಗುಂಡಗಿನ ಅಕ್ಷರದ ಸಹಿ. ಹೋದ ಹೊತ್ತಿನ ಚೌಕ ಖಾಲಿ. ಮರುದಿನದಿಂದ ಕೆಂಪು ಶಾಯಿಯಲ್ಲಿ ಗೈರುಹಾಜರಿಯ ಗುರುತು. ಬಂದವರು ಹೋಗುವಾಗ ಸಹಿ ಹಾಕಿಲ್ಲ, ಯಾಕೆಂದರೆ ಸಹಿ ಹಾಕುವ ಕೈಗೆ ಆಸ್ಪತ್ರೆಯಲ್ಲಿ ಹೊಲಿಗೆ ಬೀಳುತ್ತಿತ್ತು. ಯಾರೂ ಅದನ್ನು ತಿದ್ದಿರಲಿಲ್ಲ. ಯಾರಾದರೂ ಒಂದು ದಿನ ನೋಡುತ್ತಾರೆ ಎಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಒಂದೂವರೆ ವರ್ಷ ಆ ಸತ್ಯ ನಮ್ಮ ಮನೆಯಿಂದ ಆರು ಬೀದಿ ಆಚೆ ತಣ್ಣಗೆ ಕೂತಿತ್ತು.

ನಕಲಿಗೆ ಆ ಪುಟ ಗುರುತು ಮಾಡಿಸಿದೆ. ಹತ್ತು ನಿಮಿಷ ಉಳಿದಿತ್ತು. ಯಾಕೋ ಪುಟಗಳನ್ನು ಹಿಂದಕ್ಕೆ ತಿರುವಿದೆ. ಅದೇ ಗುಂಡಗಿನ ಸಹಿ ದಿನ ದಿನವೂ ಇತ್ತು. ಭಾನುವಾರಗಳಲ್ಲಿ ಇತ್ತು. ಪೊಂಗಲ್ ಮರುದಿನ ಇತ್ತು. ಚಂಡಮಾರುತ ಬಂದು ನಾವು ಕಿಟಕಿಗೆ ಹಗ್ಗ ಕಟ್ಟಿಕೊಂಡು ಕೂತ ವಾರದ ಪುಟ ಬಂತು. ಇಪ್ಪತ್ತಮೂರರಲ್ಲಿ ಒಂಬತ್ತು ಸಹಿ, ಅವುಗಳಲ್ಲಿ ಅವರದೂ ಒಂದು, ನೀರು ತಗುಲಿ ಶಾಯಿ ಹರಡಿತ್ತು. ಐದು ಐವತ್ತು. ಆ ಬೆಳಿಗ್ಗೆ ನಾನು ಪೇಪರ್ ಬಂದಿಲ್ಲ ಎಂದು ರೇಗಾಡಿದ್ದೆ. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನಿದೆ. ನಾನು ಬದುಕಿನುದ್ದಕ್ಕೂ ರಿಜಿಸ್ಟರ್ ನೋಡಿದವನು, ಅದಕ್ಕೆ ಕೈ ಮುಗಿಯಬೇಕು ಎನ್ನಿಸಿದ್ದು ಅದೊಂದೇ ಸಲ.

ನಕಲು ಹಿಡಿದು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಅವರೇ ಹೋದರು, ನನ್ನ ಹೆಂಡತಿ ಜೊತೆಗೆ ಹೋದಳು. ಮೂರು ವಾರದಲ್ಲಿ ಕಂಪನಿ 'ಕಣ್ತಪ್ಪಿನಿಂದ' ಎಂದು ಒಂದು ಪತ್ರ ಬರೆದು ಅವರನ್ನು ಕೆಲಸಕ್ಕೆ ಕರೆಯಿತು. ಆ ಪತ್ರವನ್ನು ಅವರು ತಮ್ಮ ಬೀದಿಯವರ ಮುಂದೆ ಯಾರಿಂದಲೋ ಗಟ್ಟಿಯಾಗಿ ಓದಿಸಿದರಂತೆ. ಈಗ ಕಸದ ಬ್ಯಾಟರಿ ಗಾಡಿಯ ಮೇಲೆ ನಮ್ಮ ಸಂದಿಗೇ ಬರುತ್ತಾರೆ. ನಾನು ಈಗ ಐದೂಮುಕ್ಕಾಲಿಗೆ ಏಳುತ್ತೇನೆ. ಏನೂ ಕೆಲಸಕ್ಕಲ್ಲ, ಬಾಗಿಲು ತೆರೆದು ನಿಂತಿರುತ್ತೇನೆ ಅಷ್ಟೇ.

ಹೋದ ತಿಂಗಳು ಎಂಟೂವರೆಗೆ ಅವರು ಮೆಟ್ಟಿಲ ಮೇಲೆ ಕೂರದೆ ನೇರ ಒಳಗೆ ಬಂದರು. ಅವರ ಗಾಡಿಯಲ್ಲಿ ಜೊತೆಗೆ ಬರುವವಳ ಕೈಗೂ ಗಾಜು ಹೊಕ್ಕಿತ್ತಂತೆ, ಬರಿಗೈ. "ಅವತ್ತು ನಿಮ್ಮನೆ ಅಕ್ಕ ಹೇಳಿದ್ರು, ಕೈಗವಸು ಕೊಡಬೇಕು ಅಂತ ಆ ಕಾಗದದಲ್ಲಿ ಬರೆದಿದೆ ಅಂತ. ಕೊಟ್ಟ ಲೆಕ್ಕದ ಪುಸ್ತಕ ಇರಬೇಕಲ್ಲ ಸಾರ್? ಅದನ್ನ ನೋಡಬೇಕು."

ನಾನು ಕಾಗದ ತೆಗೆದು, ವಾಡಿಕೆಯ ಹಾಗೆ ಅರ್ಜಿದಾರನ ಜಾಗದಲ್ಲಿ ನನ್ನ ಹೆಸರು ಬರೆಯಹೊರಟೆ. ಅವರು ಮಡಚದ ಮೂರು ಬೆರಳನ್ನು ಕಾಗದದ ಮೇಲೆ ಅಡ್ಡ ಇಟ್ಟರು.

"ಈ ಸಲ ನನ್ನ ಪೇರು ಹಾಕಿ ಸಾರ್."

ಹೆಸರು ನನಗೆ ಗೊತ್ತಿತ್ತು. ಆದರೂ ಪೆನ್ನು ಹಿಡಿದು, ಮುಖ ನೋಡಿ ಕೇಳಿದೆ: "ಹೇಳಿ ಅಮ್ಮಾ, ನಿಮ್ಮ ಹೆಸರು?" ಮೊದಲು ಅಪ್ಪನ ಇನಿಷಿಯಲ್ಲು, ಆಮೇಲೆ ಹೆಸರು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ಬರೆದುಕೊಂಡೆ. ಸಹಿಯನ್ನು ಎಡಗೈಯಲ್ಲಿ ಹಾಕಿದರು, ಅದು ಹಳೆಯ ಗುಂಡಗಿನ ಸಹಿಯಂತಿರಲಿಲ್ಲ, ಬಹಳ ಹೊತ್ತು ಹಿಡಿಯಿತು. ಆಮೇಲೆ ಸೊಂಟದ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಬಿಚ್ಚಿದರು. ಒಳಗೆ ಹಾಜರಿ ಪುಸ್ತಕದ ಆ ಪುಟದ ನಕಲು ಇತ್ತು, ಅದರ ಮಡಿಕೆಯಲ್ಲಿ ಅವರೇ ಹೋಗಿ ಕೊಂಡು ತಂದ ಹತ್ತು ರೂಪಾಯಿಯ ಸ್ಟ್ಯಾಂಪು.